ಹಳೆ ಸೀರೆಯ ಕೌದಿ: ಹಿಂಗಾರು ಮಳೆಯಲ್ಲಿ ಶುರು ಮಾಡಿ ದೀಪಾವಳಿಯೊಳಗೆ ಮುಗಿಸುವುದು ಹೇಗೆ?

ಚಿತ್ತಿಮಳಿ_ಹುಬ್ಬಳ್ಳಿ

ದಸರಾ ರಜೆಯಲ್ಲಿ ಒಬ್ಬರು ಹೊದೆಯುವ ಕೌದಿ ಹೊಲಿಯಬೇಕು. ಅಳತೆ 54 × 84 ಇಂಚು. ಇರುವ ಬಟ್ಟೆ: ಹತ್ತಿ ಸೀರೆ 4 (ಒಂದು ಕೆಂಪು ಸೆರಗಿನ ಇಳಕಲ್), ಧೋತರ 2, ಪಾಲಿಯೆಸ್ಟರ್ ಸೀರೆ 1, ಖಣದ ಜಂಪರ್ ಪೀಸು ನಾಲ್ಕೈದು, ಹಳೆ ಅಂಗಿಗಳು.

ಎಷ್ಟು ಪದರ ಹಾಕಬೇಕು? ಪಾಲಿಯೆಸ್ಟರ್ ಒಳಗೆ ನಡೆಯುತ್ತದೆಯೇ? ನಡುವೆ ಹೊಟ್ಟೆ ಉಬ್ಬದಂತೆ ಹೊಲಿಯುವುದು ಹೇಗೆ? ಮಳೆ ಬಿಡುತ್ತಲೇ ಇಲ್ಲ, ಹೊಲಿಯುವ ಮೊದಲು ಎಲ್ಲವನ್ನೂ ಒಗೆಯಲೇಬೇಕಾ?

ಧಾರವಾಡ_ಕೌದಿಮನಿ

ಕಡೀ ಪ್ರಶ್ನೆಗೆ ಮೊದಲ ಹೇಳ್ತೀನ್ರಿ. ಒಗೀಲಾರದ ಬಟ್ಟಿ ಕೌದಿ ಒಳಗ ಹೋಗಬಾರದು. ಹಳೇ ಸೀರ್ಯಾಗ ಗಂಜಿ ಉಳದಿರ್ತೈತಿ. ಥಂಡಿ ಹಿಡದರ ಗಂಜಿ ಇದ್ದಲ್ಲೇ ಬೂಷ್ಟು ಮೊದಲ ಏಳ್ತೈತಿ, ಬೆಳ್ಳನ ಹುಳಾನೂ ಅಲ್ಲೇ ಬಂದು ಕುಂದರ್ತೈತಿ. ಹೊಸಾ ಕೋರಾ ಬಟ್ಟಿ ಏನರ ನಡುವ ಹಾಕೋರಿದ್ರ ಅದನ್ನ ರಾತ್ರಿಡೀ ನೀರಾಗ ನೆನಸಿ ಒಣಗಸ್ರಿ. ಮೊದಲನೇ ಒಗತಕ್ಕ ಅದು ನೂರು ಇಂಚಿಗೆ ನಾಕೈದು ಇಂಚು ಕುಗ್ಗತೈತಿ. ವರ್ಷಾನುಗಟ್ಟಲೆ ಒಗದ ಸೀರಿ ಕುಗ್ಗಂಗಿಲ್ಲ. ಒಂದು ಪದರ ಕುಗ್ಗಿ ಇನ್ನೊಂದು ಹಂಗ ಉಳದರ ಕೌದಿ ತುಂಬ ಗುಳ್ಳಿ ಎದ್ದು ನಿಲ್ತಾವು. ಹೊಲಿಗಿ ಎಷ್ಟು ಛಂದ ಇದ್ರೂ ಅದನ್ನ ಸರಿ ಮಾಡಾಕ ಆಗಂಗಿಲ್ಲ.

ಒಗದ ಮ್ಯಾಲ ಆರಿಸ್ರಿ. ಬಟ್ಟೀನ ಕಿಟಕಿ ಬೆಳಕಿಗೆ ಹಿಡೀರಿ. ಜಾಳು ಜಾಳಾಗಿ ಕಂಡ ಜಾಗಾ ಎರಡೂ ಹೆಬ್ಬಟ್ಟಿಲೆ ಎಳೀರಿ. ಚರ್ ಅಂತ ಬಿಟ್ರ ಆ ತುಂಡು ಒರಸೋ ಅರಿವಿಗೆ. ಸೀರ್ಯಾಗ ಸವದಿರೋದು ನಿರಿಗಿ ಜಾಗಾ, ಕುಂದ್ರೋ ಜಾಗಾ, ಫಾಲ್ಸ್ ಹಚ್ಚಿದ ಗೆರಿ. ಸೆರಗು, ಒಳಸುತ್ತು ಸಾಧಾರಣ ಗಟ್ಟಿ ಇರ್ತಾವು. ಗಟ್ಟಿ ಇದ್ದದ್ದು ಕೆಳಗಿನ ಪದರಕ್ಕ, ಮೆತ್ತಗ ಇದ್ದದ್ದು ನಡುವ. ಧೋತರ ನಡುವಿಗೆ ಹೇಳಿ ಮಾಡಿಸಿದ ಅರಿವಿ, ಸೂಜಿ ಬೆಣ್ಣಿಯಾಗ ಹೋದಂಗ ಹೋಗ್ತೈತಿ.

ಪದರ: ಕೆಳಗ 1, ನಡುವ 2, ಮ್ಯಾಲ 1. ಹುಬ್ಬಳ್ಳಿ ಥಂಡಿಗೆ ನಾಕು ಸಾಕು. ಬೆಳಗಾವಿ ಕಡೆ, ಮಲೆನಾಡು ಆದ್ರ ಐದು. ಆರು ದಾಟಿದ್ರ ಕೈ ಸೂಜಿ ನೆಟ್ಟಗ ಕೆಳಗ ಇಳ್ಯಂಗಿಲ್ಲ, ಓರಿ ಆಗಿ ಹೋಗಿ ಹಿಂದಿನ ಮೈಯಾಗ ಟಾಕು ಸಣ್ಣ ದೊಡ್ಡ ಬೀಳ್ತಾವು.

ಕೆಳಗಿನ ಪದರ ನಾಕೂ ಕಡೆ 2 ಇಂಚು ಹೆಚ್ಚಿಗಿ, ಅಂದ್ರ 58 × 88 ಇರ್ಲಿ. ಸೀರಿ ಅಗಲ 46 ಇಂಚು ಅಂತ ಹಿಡದರ 88 ಇಂಚಿನ ಎರಡು ಉದ್ದ ಕತ್ತರಸ್ರಿ. ಒಂದು ಪೂರ್ತಿ ನಡುವ. ಇನ್ನೊಂದರಾಗ 7 ಇಂಚಿನ ಎರಡು ಪಟ್ಟಿ ತಗದು ಎಡಕ್ಕ ಬಲಕ್ಕ ಜೋಡಸ್ರಿ, ಅರ್ಧ ಅರ್ಧ ಇಂಚು ಹೊಲಿಗಿ ಒಳಗ ಹೋಗಿ ಬರೋಬ್ಬರಿ 58 ಬರ್ತೈತಿ. ಎರಡೂ ಅರ್ಧ ಸೇರಿಸಿ ನಟ್ಟನಡುವ ಜೋಡ ತರಬ್ಯಾಡ್ರಿ. ಕೌದಿ ಮಡಚೋದು ಅಲ್ಲೇ, ಹರಿಯೋದೂ ಮೊದಲ ಅಲ್ಲೇ.

ನಡುವಿನ ತುಂಡು ಒಂದರ ಮ್ಯಾಲ ಒಂದು ಏರಬಾರದು. ಅಂಚಿಗೆ ಅಂಚು ತಾಗಿಸಿಟ್ಟು ದೊಡ್ಡ ದೊಡ್ಡ ಟಾಕಿನಿಂದ ಹಿಡದು ಬಿಡ್ರಿ. ಎರಡನೇ ನಡುಪದರದ ಜೋಡ ಮೊದಲನೇದರ ಜೋಡದ ಮ್ಯಾಲ ಬರಬಾರದು, ಕಡಿಮಿ ಅಂದ್ರ ಒಂದು ಗೇಣು ಸರದಿರ್ಲಿ.

ಪಾಲಿಯೆಸ್ಟರ್ ಬ್ಯಾಡ. ಜಾರ್ತೈತಿ, ಬೆವರು ಹೀರಂಗಿಲ್ಲ. ಕಾಲೊರಸಿಗೆ ಹಾಕ್ರಿ.

ಗುಳೇದಗುಡ್ಡ_ಮಗ್ಗ

ಯಾವುದು ಹತ್ತಿ, ಯಾವುದು ಮಿಶ್ರಣ ಎಂದು ಕೈಗೆ ತಿಳಿಯದಿದ್ದರೆ ಹಾಸಿನಿಂದ (ಉದ್ದದ ನೂಲು) ಎರಡು ಎಳೆ, ಹೊಕ್ಕಿನಿಂದ (ಅಡ್ಡ ನೂಲು) ಎರಡು ಎಳೆ ಬಿಡಿಸಿ ಸ್ಟೀಲ್ ತಟ್ಟೆಯ ಮೇಲೆ ಬೇರೆ ಬೇರೆ ಸುಡಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಕಪ್ಪು ಮಣಿಯಾಗುತ್ತದೆ, ಉಗುರಿಗೆ ಪುಡಿಯಾಗುವುದಿಲ್ಲ. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಚಮಕಾ (ಕೃತಕ ರೇಷ್ಮೆ) ಹತ್ತಿಯ ಹಾಗೇ ಸುಡುತ್ತದೆ, ಅದನ್ನು ಹೊಳಪಿನಿಂದಲೇ ಗುರುತಿಸಬೇಕು. ಹಾಸು, ಹೊಕ್ಕು ಎರಡನ್ನೂ ನೋಡಿ ಎಂದದ್ದು ಸುಮ್ಮನೆ ಅಲ್ಲ. ಹಾಸು ಒಂದು, ಹೊಕ್ಕು ಇನ್ನೊಂದು ಆಗಿರುವ ಸೀರೆಗಳೇ ನಮ್ಮ ಕಡೆ ಹೆಚ್ಚು.

ಇಳಕಲ್ ಸೀರೆಯ ವಿಷಯ. ಮೈ ಹತ್ತಿಯಾದರೂ ಸೆರಗು, ದಡಿ ಚಮಕಾ ಆಗಿರುವುದು ಸಾಮಾನ್ಯ. ಚಮಕಾ ಒಣಗಿದ್ದಾಗ ಗಟ್ಟಿ, ಒದ್ದೆಯಾದಾಗ ಸುಮಾರು ಅರ್ಧ ಬಲ ಕಳೆದುಕೊಳ್ಳುತ್ತದೆ. ಕೌದಿ ನೀರು ಕುಡಿದು ಭಾರವಾದಾಗ ಎಳೆತ ಬೀಳುವುದೂ ಅದೇ ಹೊತ್ತಿಗೆ. ಆದ್ದರಿಂದ ಆ ಸೆರಗನ್ನು ಮೇಲಿನ ಪದರದಲ್ಲಿ ಅಲಂಕಾರಕ್ಕೆ ಇಡಿ, ಕೆಳಪದರಕ್ಕೆ ಬೇಡ. ಇನ್ನೊಂದು: ಸೆರಗು ಮೈಗೆ ಕೂಡುವ ಕೊಂಡಿ ಗೆರೆಯಲ್ಲಿ ಎರಡೂ ಕಡೆಯ ಹಾಸು ಕುಣಿಕೆಯಾಗಿ ಸಿಕ್ಕಿಕೊಂಡಿರುತ್ತದೆ. ಹಳೆಯದಾದ ಮೇಲೆ ಆ ಗೆರೆಯನ್ನು ನಂಬಬಾರದು. ಅದರ ಎರಡೂ ಬದಿಗೆ ಒಂದೊಂದು ಇಂಚು ಬಿಟ್ಟು ಕತ್ತರಿಸಿ.

ಕೆಂಪಿನ ಪರೀಕ್ಷೆ ಹೀಗೆ: ಬಿಳಿ ಧೋತರದ ತುಂಡನ್ನು ಒದ್ದೆ ಮಾಡಿ ಸೆರಗಿನ ಮೇಲಿಟ್ಟು ಬಿಸಿ ಇಸ್ತ್ರಿಯಿಂದ ಹತ್ತು ಎಣಿಸುವಷ್ಟು ಹೊತ್ತು ಒತ್ತಿ. ಬಿಳಿಗೆ ಗುಲಾಬಿ ಹತ್ತಿದರೆ ತಣ್ಣೀರಲ್ಲಿ ಬೇರೆಯಾಗಿ ನೆನೆಸಿ, ನೀರು ಬದಲಿಸಿ, ಮತ್ತೆ ಒತ್ತಿ ನೋಡಿ. ನೀರು ತಿಳಿಯಾದ ಮೇಲೂ ಇಸ್ತ್ರಿಯಡಿ ಬಣ್ಣ ಬಿಟ್ಟರೆ ಬಿಳಿಯ ಪಕ್ಕ ಅದನ್ನು ಇಡಬೇಡಿ. ಕಂದು, ಕಡುನೀಲಿ, ಕಪ್ಪಿನ ನಡುವೆ ಇಡಿ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎನ್ನುವುದನ್ನು ನೆಚ್ಚಬೇಡಿ. ಬಣ್ಣ ಹಾಕುವ ಕಡಾಯಿಯಲ್ಲಿ ಉಪ್ಪಿಗೆ ಕೆಲಸವಿದೆ. ಮಗ್ಗ ಇಳಿದು ಇಪ್ಪತ್ತು ವರ್ಷವಾದ ಸೀರೆಗೆ ಬಕೆಟ್ಟಿನಲ್ಲಿ ಹಾಕುವ ಹಿಡಿ ಉಪ್ಪಿನಿಂದ ಏನೂ ಆಗುವುದಿಲ್ಲ.

ಖಣದ ತುಂಡುಗಳ ಹಿಂಬದಿಯಲ್ಲಿ ಬುಟ್ಟಿಯ (ನೇಯ್ದ ಸಣ್ಣ ವಿನ್ಯಾಸದ) ಎಳೆಗಳು ತೇಲಿಕೊಂಡಿರುತ್ತವೆ, ಸೂಜಿ ಸಿಕ್ಕಿ ಎಳೆಯುತ್ತದೆ. ಕತ್ತರಿಸಿದ ಅಂಚೂ ಬೇಗ ಬಿಚ್ಚಿಕೊಳ್ಳುತ್ತದೆ. ಮಡಿಕೆಗೆ ಕಾಲು ಇಂಚಿನ ಬದಲು ಅರ್ಧ ಇಂಚು ಬಿಡಿ.

ಚಿತ್ತಿಮಳಿ_ಹುಬ್ಬಳ್ಳಿ

ಧನ್ಯವಾದ. ಇಳಕಲ್ ಸೆರಗು ಎರಡು ನೀರಿನ ನಂತರವೂ ತಿಳಿ ಗುಲಾಬಿ ಬಿಡುತ್ತಿದೆ, ಅದನ್ನು ಕಪ್ಪು ಚೌಕಡಿಯ ಅಂಗಿ ಬಟ್ಟೆಯ ನಡುವೆ ಇಡುತ್ತೇನೆ. ಈಗ ಹೊಲಿಗೆ. ನಡುವಿನಿಂದ ಹೊರಕ್ಕೆ ಹೋಗಬೇಕು ಎಂದು ಕೆಲವರು, ಅಂಚಿನಿಂದ ಒಳಕ್ಕೆ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ?

ಯಲ್ಲಾಪುರ_ನೂಲು

ಎರಡೂ ಸರಿ, ಆದರೆ ಎರಡೂ ಬೇರೆ ಬೇರೆ ಕೌದಿಗಳು. ಒಂದರ ಕ್ರಮವನ್ನು ಇನ್ನೊಂದಕ್ಕೆ ಹಚ್ಚಿದಾಗಲೇ ಹೊಟ್ಟೆ ಉಬ್ಬುವುದು.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ಮೇಲ್ಪದರ ಮೊದಲೇ ತಯಾರಾಗಿರುವುದಿಲ್ಲ. ಕೆಳಗೆ ಒಂದು ಸೀರೆ. ಅದರ ಅಂಚು ಒಳಕ್ಕೆ ಮಡಚಿ, ಒಂದು ಮೂಲೆಯಲ್ಲಿ ಮೊದಲ ತುಂಡು ಇಟ್ಟು, ಅದರ ಅಂಚನ್ನೂ ಮಡಚಿ, ಎಲ್ಲ ಪದರ ಸೇರಿಸಿ ಓಟದ ಹೊಲಿಗೆ ಹಾಕುತ್ತಾ ಸಾಗುತ್ತಾರೆ. ತುಂಡು ಮುಗಿಯುವ ಹೊತ್ತಿಗೆ ಮುಂದಿನ ತುಂಡು ಅದರ ಅಂಚಿನ ಕೆಳಗೋ ಮೇಲೋ ಸೇರುತ್ತದೆ. ಹೀಗೆ ನಾಲ್ಕೂ ಅಂಚು ಸುತ್ತಿ, ಸುತ್ತು ಸುತ್ತಾಗಿ ಒಳಗೆ ಬಂದು ನಡುವೆ ಮುಗಿಯುತ್ತದೆ. ಮೇಲಿನ ತುಂಡನ್ನು ಆ ಕ್ಷಣದಲ್ಲೇ ಇಡುವುದರಿಂದ ಮೇಲ್ಪದರದಲ್ಲಿ ಹೆಚ್ಚುವರಿ ಬಟ್ಟೆ ಕೂಡಿಕೊಳ್ಳಲು ಅವಕಾಶವೇ ಇಲ್ಲ; ಜಾಗ ಎಷ್ಟಿದೆಯೋ ಅಷ್ಟೇ ತುಂಡು. ಅಂಚು ಕಟ್ಟುವ ಕೆಲಸವೂ ಮೊದಲ ಸುತ್ತಿನಲ್ಲೇ ಮುಗಿದಿರುತ್ತದೆ.

ಎಚ್ಚರ ಬೇಕಾದದ್ದು ಕೆಳಪದರಕ್ಕೆ. ಪ್ರತಿ ಸುತ್ತಿಗೂ ಕೈ ಹಾಸಿ ಕೆಳಗಿನ ಸೀರೆಯನ್ನು ನಡುವಿನ ಕಡೆಗೆ ಸವರಬೇಕು. ನಡುವಿನ ಒಂದು ಗೇಣು ಉಳಿದಾಗ ಕೆಳಗೆ ಕೈಹಾಕಿ ನೋಡಿ. ಸಡಿಲ ಕಂಡರೆ ಆ ಹಂತದಲ್ಲೇ ಅದನ್ನು ಸಣ್ಣ ಸಣ್ಣ ನೆರಿಗೆಗಳಲ್ಲಿ ಹಂಚಿಬಿಡಿ. ಒಂದೇ ಕಡೆ ಮಡಿಸಿ ಹೊಲಿದರೆ ಮಲಗಿದಾಗ ಬೆನ್ನಿಗೆ ಒತ್ತುತ್ತದೆ.

ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ತುಂಡುಗಳನ್ನು ಹಲವು ಪದರವಾಗಿ ಸೇರಿಸುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಮೂಲೆ ಹಿಡಿದೆಳೆದಾಗ ಆ ಗಟ್ಟಿತನ ಉಪಯೋಗಕ್ಕೂ ಬರುತ್ತದೆ.

ನಿಮ್ಮ ಅಳತೆಗೆ ಹೊಸಬರಾದರೆ ಈ ಕ್ರಮವೇ ಸುಲಭ ಎಂದು ನನ್ನ ಅಭಿಪ್ರಾಯ. ನೆಲದ ಮೇಲೆ ಇಡೀ ಕೌದಿ ಹರವಿಕೊಂಡು ಕೂರಬೇಕಿಲ್ಲ, ತೊಡೆಯ ಮೇಲಿಟ್ಟೇ ಹೊಲಿಯಬಹುದು.

ಧಾರವಾಡ_ಕೌದಿಮನಿ

ಯಲ್ಲಾಪುರದ ಅಕ್ಕಾರ ಹೇಳಿದ್ದು ಖರೇ. ಆದ್ರ ನಡುವ ಎರಡು ಪದರ ಧೋತರ ಇದ್ದಾಗ ತೊಡೀ ಮ್ಯಾಲ ಇಟ್ಕೊಂಡು ಹೊಲದರ ಅವು ಒಳಗ ಸರೀತಾವ್ರಿ. ಕವಂದಿ ರೀತಿ ಹೊಲೀರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಕೆಳಗಿನದೂ ನಡುವಿನದೂ ಮೊದಲ ಕಚ್ಚಾ ಟಾಕು (ಆಮ್ಯಾಲ ಬಿಚ್ಚಿ ತಗಿಯೋ ಹೊಲಿಗಿ) ಹಾಕಿ ಒಂದು ಮಾಡಿಕೊಳ್ರಿ.

ನಮ್ಮ ಕಡೆ ಪದ್ಧತಿ ಬ್ಯಾರೆ. ಮೇಲ್ಪದರದ ತುಂಡು ಮೊದಲ ಜೋಡಿಸಿ, ಕೆಳಗಿಂದು, ನಡುವಿನವು, ಮ್ಯಾಲಿಂದು ಎಲ್ಲಾ ಹಾಸಿ, ಕಚ್ಚಾ ಹೊಲದು, ಆಮ್ಯಾಲ ಸಾಲು. ನೆಲಾ ಒರಸಿ ಪೂರ್ತಿ ಒಣಗಿದ ಮ್ಯಾಲ ಹಾಸಬೇಕು. ಮಳ್ಯಾಗ ನೆಲ ಹಸಿ ಇದ್ರ ಕೆಳಪದರ ಅದನ್ನ ಹೀರತೈತಿ. ಕೆಳಗಿಂದ ಉಲ್ಟಾ ಹಾಸಿ ನಾಕೂ ಮೂಲಿಗೆ ತುಂಬಿದ ತಂಬಿಗಿ ಇಡ್ರಿ. ಸುಕ್ಕು ಹೋಗೋವಷ್ಟ ಸವರ್ರಿ, ಜಗ್ಗಬ್ಯಾಡ್ರಿ. ಜಗ್ಗಿ ಹಾಸಿದ್ದು ತಂಬಿಗಿ ತಗದ ಕೂಡ್ಲೆ ಹಿಂದಕ್ಕ ಹೋಗ್ತೈತಿ, ಮ್ಯಾಲಿಂದು ಉಬ್ಬತೈತಿ. ಬಹಳ ಕೌದಿ ಕೆಡೋದು ಇದೊಂದ ಕಾರಣಕ್ಕ.

ಕಚ್ಚಾ ಟಾಕು 2–3 ಇಂಚು ಉದ್ದ, ಸಾಲಿನ ನಡುವ ಒಂದು ಗೇಣು, ಯಾವತ್ತೂ ನಡುವಿಂದ ಅಂಚಿಗೆ. ದಾರದ ಬಣ್ಣ ಕಣ್ಣಿಗೆ ಹೊಡಿಯೋ ಹಂಗಿರ್ಲಿ, ಬಿಚ್ಚಾಕ ಸರಳ. ಖಾಯಂ ಸಾಲೂ ಹಂಗ: ನಟ್ಟನಡುವ ಉದ್ದಕ್ಕ ಒಂದು, ಆಮ್ಯಾಲ ಎಡಕ್ಕೊಂದು ಬಲಕ್ಕೊಂದು. ಒಂದ ಬದೀ ಪೂರ್ತಿ ಮುಗಿಸಿ ಇನ್ನೊಂದಕ್ಕ ಹೋದ್ರ ಕೌದಿ ಓರೆ ಆಗತೈತಿ.

ಸೂಜಿ ಎರಡು, ಎರಡೂವರಿ ಇಂಚಿನದು ಸಾಕು. ದಬ್ಬಣ ಹಿಡೀಬ್ಯಾಡ್ರಿ, ಹಳೇ ಬಟ್ಟಿಗೆ ತೂತು ಉಳೀತೈತಿ. ನಡುಬೆರಳಿಗೆ ಅಂಗುಸ್ತಾನ ಹಾಕ್ರಿ. ದಾರ ದಪ್ಪ ಹತ್ತಿ ನೂಲು. ಪಾಲಿಯೆಸ್ಟರ್ ದಾರ ಗಟ್ಟಿ ಇರ್ತೈತಿ ಖರೇ, ಆದ್ರ ಸವದ ಹತ್ತಿ ಬಟ್ಟೀನ ಕೊಯ್ದು ಹಾಕ್ತೈತಿ. ಹರಿಯೋದಿದ್ರ ದಾರ ಹರೀಲಿ, ಬಟ್ಟಿ ಹರೀಬಾರದು. ದಾರ ಒಂದು ಸಲಕ್ಕ ಎರಡು ಮೊಳಕ್ಕಿಂತ ಉದ್ದ ತಗೋಬ್ಯಾಡ್ರಿ, ಉದ್ದ ಆದಷ್ಟೂ ಬಟ್ಟಿಗೆ ತಿಕ್ಕಿ ಸವೀತೈತಿ, ಗಂಟು ಬೀಳ್ತೈತಿ. ಜೇನುಮೇಣದ ಮ್ಯಾಲ ಒಮ್ಮೆ ಎಳದ್ರ ಗಂಟು ಕಡಿಮಿ.

ಲೆಕ್ಕ ಬೇಕಂದ್ರ: ಸಾಲಿನ ನಡುವ ಒಂದು ಇಂಚು ಬಿಟ್ರ 54 ಸಾಲು, ಒಂದೊಂದು 84 ಇಂಚು, ಒಟ್ಟು 115 ಮೀಟರ್. ಹೊಲಿಗಿ ಮ್ಯಾಲ ಕೆಳಗ ಆಡೋದಕ್ಕ, ಗಂಟಿಗೆ ಸೇರಿ 140 ಮೀಟರ್ ಹಿಡೀರಿ. ಅರ್ಧ ಇಂಚಿಗೊಂದು ಸಾಲಾದ್ರ 280. ಎರಡೆಳಿ ಹಾಕೋರಿದ್ರ ಮತ್ತ ದುಪ್ಪಟ್ಟು. ದಾರ ಎಲ್ಲಾ ಒಂದ ಸಲ ತಂದಿಡ್ರಿ, ನಡುವ ಮುಗದರ ಅದ ಬಣ್ಣ ಸಿಗೋ ಖಾತ್ರಿ ಇಲ್ಲ.

ಟೇಲರಂಗಡಿ_ದಾವಣಗೆರೆ

ಮಷಿನ್‌ನಲ್ಲಿ ಹೊಲಿಯುವವರೂ ಓದುತ್ತಿರಬಹುದು, ಅವರಿಗೆ ಎರಡು ಮಾತು. ಮನೆಯ ಸಾದಾ ಮಷಿನ್‌ಗೆ ಮೂರು ಪದರ ಸಲೀಸು, ನಾಲ್ಕು ಕಷ್ಟ, ಐದು ಬೇಡ. ಸೂಜಿ ಎಚ್‌ಎ 16, ದಪ್ಪ ಇದ್ದರೆ 18. ಟಾಕು 3.5ರಿಂದ 4 ಮಿಲಿಮೀಟರ್. ಕೆಳಗಿನ ಹಲ್ಲು ಕೆಳಪದರವನ್ನು ಮಾತ್ರ ಮುಂದಕ್ಕೆ ತಳ್ಳುತ್ತದೆ, ಮೇಲಿನದನ್ನು ಪಾದ ಹಿಂದಕ್ಕೆ ಹಿಡಿಯುತ್ತದೆ. ಸಾಲಿನ ಕೊನೆಯಲ್ಲಿ ಮೇಲ್ಪದರ ಅರ್ಧ ಇಂಚು ಉಳಿದು ಮಡಿಕೆ ಬೀಳುವುದು ಇದರಿಂದ. ತಲೆಯ ಮೇಲಿನ ಒತ್ತಡದ ತಿರುಪನ್ನು ಒಂದೆರಡು ಸುತ್ತು ಸಡಿಲಿಸಿ. ವಾಕಿಂಗ್ ಫೂಟ್ ಸಿಕ್ಕರೆ ಹಾಕಿ, ಅದು ಮೇಲಿನಿಂದಲೂ ಬಟ್ಟೆ ತಳ್ಳುತ್ತದೆ.

ಆಯುಧಪೂಜೆ ಮುಗಿದ ಮರುದಿನ ಒಂದು ಕೆಲಸ ಮರೆಯಬೇಡಿ. ಅರಿಶಿನ, ಕುಂಕುಮ ಹಲ್ಲಿನ ಸಂದಿಯಲ್ಲೂ ಪಾದದ ಕೆಳಗೂ ಕೂತಿರುತ್ತದೆ, ಎಣ್ಣೆ ತಾಗಿದ ಮೇಲೆ ಅದು ಬಣ್ಣವೇ. ತಟ್ಟೆ ಬಿಚ್ಚಿ ಬ್ರಷ್ ಹಾಕಿ, ಬೇಡದ ಬಟ್ಟೆಯ ಮೇಲೆ ಒಂದು ಗಜದಷ್ಟು ಓಡಿಸಿ, ಆಮೇಲೆ ಕೌದಿ ಇಡಿ. ಪ್ರತಿ ವರ್ಷ ದಸರಾ ಮುಗಿದ ವಾರ ಅಂಗಡಿಗೆ ಬರುವ ಬಿಳಿ ಬಟ್ಟೆಗಳ ಮೇಲೆ ಹಳದಿ ಚುಕ್ಕೆಯ ಸಾಲು ಇರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ ಎಲ್ಲಿಂದ ಬಂತು ಅಂತ.

ಡಬ್ಲಿನ್_ಕನ್ನಡತಿ

ಇಲ್ಲಿಂದ ಒಂದು ಅಡ್ಡ ಪ್ರಶ್ನೆ. ಐರ್ಲೆಂಡಿನಲ್ಲಿ ಸೆಪ್ಟೆಂಬರ್ ಬಂತೆಂದರೆ ಬಿರುಗಾಳಿಯ ಕಾಲ. ಬಿಸಿಲೆಂಬುದು ಮಾರ್ಚ್‌ವರೆಗೆ ನಂಬುವ ಹಾಗಿಲ್ಲ. ಹತ್ತಿ ಕೌದಿಯ ನಡುಪದರಕ್ಕೆ ಧೋತರದ ಬದಲು ಅಂಗಡಿಯ ಪಾಲಿಯೆಸ್ಟರ್ ಫೈಬರ್ ಶೀಟ್ ಹಾಕಿದರೆ ಬೇಗ ಒಣಗುತ್ತದಲ್ಲವೇ? ಮನೆಯೊಳಗೇ ಒಣಗಿಸಿದರೆ ಗೋಡೆಯ ಮೂಲೆಗೆ ಕಪ್ಪು ಬೂಷ್ಟು ಬರುತ್ತದೆ.

ತೀರ್ಥಹಳ್ಳಿ_ಜಡಿಮಳೆ

ಬೇಗ ಒಣಗುವುದೇನೋ ಹೌದು. ಆದರೆ ಫೈಬರ್ ಶೀಟಿನದು ಬೇರೆ ಲೆಕ್ಕ: ಅದರ ಮೇಲೆ ಒಂದಿಂಚಿಗೊಂದು ಸಾಲು ಹಾಕಿದರೆ ಉಬ್ಬೆಲ್ಲ ಸತ್ತು ಬೆಚ್ಚಗಿನ ಗುಣವೇ ಹೋಗುತ್ತದೆ. ಸಾಲು 3–4 ಇಂಚು ದೂರವಿರಬೇಕು, ಹಾಗೆ ದೂರವಿಟ್ಟರೆ ಮೇಲಿನ ಸವೆದ ಸೀರೆಗೆ ಆಧಾರ ಸಾಲದೆ ಬೇಗ ಹರಿಯುತ್ತದೆ. ಹಳೆ ಸೀರೆ ಅಷ್ಟು ವರ್ಷ ತಡೆಯುವುದು ಹತ್ತಿರ ಹತ್ತಿರದ ಹೊಲಿಗೆಯಿಂದಲೇ. ಶೀಟ್ ಹಾಕುವುದಾದರೆ ಮೇಲೆ ಗಟ್ಟಿ ಹೊಸ ಬಟ್ಟೆ ಹಾಕಿ. ಅದು ಕೌದಿ ಅಲ್ಲ, ರಜಾಯಿ. ಬಿಡಿ ಹತ್ತಿ ತುಂಬಿಸುವ ಯೋಚನೆ ಇದ್ದರೆ ಅದೂ ಬೇಡ: ನೀರು ಬಿದ್ದ ಹತ್ತಿ ಗಂಟು ಕಟ್ಟುತ್ತದೆ, ಮತ್ತೆ ಹಿಂಜಿಸದೆ ಸರಿಯಾಗದು.

ಒಣಗಿಸುವ ವಿಷಯದಲ್ಲಿ ಮಲೆನಾಡಿಗೂ ನಿಮ್ಮೂರಿಗೂ ಹೆಚ್ಚು ಫರಕಿಲ್ಲ. 54 × 84 ಅಳತೆಯ ನಾಲ್ಕೈದು ಪದರದ ಕೌದಿ ಒಣಗಿದ್ದಾಗ ಒಂದರಿಂದ ಒಂದೂವರೆ ಕೆಜಿ. ಕೈಯಲ್ಲಿ ಹಿಂಡಿದ ಮೇಲೂ ಅದರಷ್ಟೇ ಭಾರದ ನೀರು ಉಳಿದಿರುತ್ತದೆ. ಆ ನೀರನ್ನು ಗಾಳಿಗೆ ಬಿಡುವ ಮೊದಲು ಮಷಿನ್‌ನಲ್ಲಿ ತೆಗೆಯಿರಿ. 6–7 ಕೆಜಿಯ ಮಷಿನ್ ಸಾಕು. ಸುರುಳಿ ಸುತ್ತಿ ತುರುಕಬೇಡಿ, ಒಂದೇ ಕಡೆ ಭಾರ ಬಿದ್ದು ಡ್ರಮ್ ಬಡಿದುಕೊಳ್ಳುತ್ತದೆ. ಬೀಸಣಿಗೆಯ ಹಾಗೆ ಉದ್ದಕ್ಕೆ ಮಡಚಿ ಡ್ರಮ್ಮಿನ ಗೋಡೆಗುಂಟ ಸುತ್ತಲೂ ಕೂರಿಸಿ. ಎರಡು ಸಲ ಸ್ಪಿನ್.

ಆಮೇಲೆ ಒಂದೇ ಹಗ್ಗದ ಮೇಲೆ ಹಾಕಬೇಡಿ. ಎರಡು ಮುಖ ಒಂದಕ್ಕೊಂದು ಅಂಟಿಕೊಂಡು ಒಳಗೆ ಹಸಿ ಉಳಿಯುತ್ತದೆ. ಒಂದೂವರೆ ಅಡಿ ಅಂತರದಲ್ಲಿ ಎರಡು ಹಗ್ಗ ಕಟ್ಟಿ, ಅವೆರಡರ ಮೇಲೂ ಹರವಿ. ನಡುವೆ ಗಾಳಿಗೆ ಸುರಂಗವಾಗುತ್ತದೆ. ಫ್ಯಾನ್ ಕೆಳಗಿನಿಂದ ಆ ಸುರಂಗಕ್ಕೆ ಬೀಸುವ ಹಾಗಿರಲಿ. ಎರಡು ಮೂರು ತಾಸಿಗೊಮ್ಮೆ ಮಗುಚಿ, ಹಗ್ಗ ತಾಗುವ ಜಾಗ ಬದಲಾಗಲಿ. ಬಚ್ಚಲ ಒಲೆಯ ಕೋಣೆ ಬೆಚ್ಚಗಿರುತ್ತದೆ, ಆದರೆ ನೀರು ಕಾಯುವ ಹೊತ್ತಿನ ಹಬೆಗೆ ಒಣಗಿದ್ದೂ ಹಸಿಯಾಗುತ್ತದೆ. ಒಲೆ ಆರಿಸಿದ ಮೇಲೆ, ಬಾಗಿಲು ತೆರೆದಿಟ್ಟು ಹಾಕಬೇಕು.

ಒಣಗಿತೋ ಇಲ್ಲವೋ ನೋಡುವುದು ನಡುವಿನಲ್ಲಲ್ಲ. ಮೂಲೆಯನ್ನೂ ಅಂಚುಪಟ್ಟಿಯನ್ನೂ ಕೆನ್ನೆಗೆ ಒತ್ತಿ. ತಣ್ಣಗೆ ತಾಗಿದರೆ ಇನ್ನೂ ಹಸಿಯೇ. ಸಾಲುಗಳ ಮೇಲೆ ಒಣ ಇಸ್ತ್ರಿ ಹಾಕಿ ಇನ್ನೊಂದು ರಾತ್ರಿ ಹರವಿಡಿ.

ಡಬ್ಲಿನ್ ಅಕ್ಕನಿಗೆ: ಚಿಕ್ಕ ಕೋಣೆ, ಮುಚ್ಚಿದ ಬಾಗಿಲು, ಡಿಹ್ಯೂಮಿಡಿಫೈಯರ್. ಇಡೀ ಮನೆಯ ಗಾಳಿ ಒಣಗಿಸಲು ಹೋಗಬೇಡಿ. ಹೀಟರ್ ಮೇಲೆ ನೇರ ಹಾಕಿದರೆ ತಾಗಿದಲ್ಲಿ ಗರಿಗರಿ, ಉಳಿದೆಡೆ ಹಸಿ. ಏರಿದ ತೇವ ಹೋಗಿ ತಣ್ಣನೆಯ ಹೊರಗೋಡೆಗೆ ಕೂರುತ್ತದೆ. ನಿಮ್ಮ ಮೂಲೆಯ ಬೂಷ್ಟಿಗೆ ಅದೇ ಕಾರಣ.

ಧಾರವಾಡ_ಕೌದಿಮನಿ

ಒಗಿಯೋ ಮಾತು ಬಂದದ್ದಕ್ಕ ಹೇಳ್ತೀನಿ. ನಮ್ಮ ಕಡೆ ನವರಾತ್ರಿ ಘಟ್ಟ ಹಾಕೋಕ್ಕಿಂತ ಮೊದಲ ಮನಿ ಸಾರಿಸಿ ಹಾಸಿಗಿ ಹೊದಿಕಿ ಎಲ್ಲಾ ಒಗಿಯೋ ಪದ್ಧತಿ ಐತಿ. ಮಹಾಲಯ ಅಮಾಸಿ ಹೊತ್ತಿಗೆ ಮಳಿ ಹಿಡದಿದ್ರ ಹತ್ತು ಕೌದಿ ಒಂದ ದಿನ ಒಗದು ಹತ್ತೂ ಮುಗ್ಗು ಹಿಡಿಸೋದು ಬ್ಯಾಡ್ರಿ. ಉತ್ತರಿ ಮಳಿ ಒಂದು ದಿನ ಬಿಡುವು ಕೊಟ್ಟಾಗಿಂದ ಒಂದೊಂದ ಶುರು ಮಾಡ್ರಿ. ಮುಗ್ಗು ವಾಸನಿ ಬಂದ ಕೌದಿ ಬಿಸಿಲು ಕಂಡ್ರ ಹೋಗತೈತಿ, ಆದ್ರ ಬೂಷ್ಟಿನ ಕಪ್ಪು ಚುಕ್ಕಿ ಹೋಗಂಗಿಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ್ರ ಚುಕ್ಕಿ ಜೋಡಿ ಬಟ್ಟೀನೂ ಹೋಗತೈತಿ.

ಚಿತ್ತಿಮಳಿ_ಹುಬ್ಬಳ್ಳಿ

ಕಚ್ಚಾ ಹೊಲಿಗೆ ಮುಗಿಯಿತು. ಸಾಲು ಆರಂಭಿಸಿದರೆ ಒಂದೊಂದು ಸಾಲಿಗೂ ಬಟ್ಟೆ ಸ್ವಲ್ಪ ಸ್ವಲ್ಪ ಕುಗ್ಗುತ್ತಿದೆ. ಇದು ಸಹಜವೇ? ಇನ್ನು ಅಂಚಿಗೆ ಏನು ಹಾಕಲಿ, ಎಷ್ಟು ದಿನ ಹಿಡಿಯಬಹುದು?

ಯಲ್ಲಾಪುರ_ನೂಲು

ಸ್ವಲ್ಪ ಕುಗ್ಗುವುದು ಸಹಜ. ಕೌದಿಯ ಮೈಯಲ್ಲಿ ಕಾಣುವ ಆ ಸಣ್ಣ ಅಲೆಗಳೇ ಗಾಳಿ ಹಿಡಿದಿಡುವುದು. 54 ಇಂಚು 52 ಆದರೆ ಯೋಚಿಸಬೇಡಿ, 50ಕ್ಕೆ ಇಳಿದರೆ ದಾರ ಬಿಗಿ. ಸೂಜಿಯ ಮೇಲೆ ಮೂರು ನಾಲ್ಕು ಟಾಕು ಏರಿಸಿ ಎಳೆಯಿರಿ, ಎಳೆದ ಮೇಲೆ ಹೆಬ್ಬೆರಳಿನಿಂದ ಸಾಲಿನ ಗುಂಟ ಹಿಂದಕ್ಕೆ ಸವರಿ, ಆಮೇಲೆ ಮುಂದಿನ ಟಾಕು. ಹೀಗೆ ಸವರದೆ ಹೋದರೆ ಸಾಲಿನ ಕೊನೆಯಲ್ಲಿ ಎಲ್ಲ ಸುಕ್ಕೂ ಒಟ್ಟಾಗಿ ಬರುತ್ತದೆ. ಇಂಚಿಗೆ ನಾಲ್ಕು ಟಾಕು ಸಾಕು. ಗಂಟನ್ನು ಹೊರಗೆ ಬಿಡಬೇಡಿ. ಅರ್ಧ ಇಂಚು ದೂರದಲ್ಲಿ ಮೇಲ್ಪದರಕ್ಕೆ ಮಾತ್ರ ಸೂಜಿ ಚುಚ್ಚಿ, ಸಾಲು ಶುರುವಾಗುವಲ್ಲಿ ತೆಗೆದು, ಟಕ್ ಎಂದು ಎಳೆದರೆ ಗಂಟು ಒಳಗೆ ಹೋಗುತ್ತದೆ.

ಕರೆಂಟ್ ಹೋದಾಗ ಕಡುಬಣ್ಣದ ತುಂಡಿನ ಮೇಲೆ ಹೊಲಿಯಬೇಡಿ, ಬೆಳಿಗ್ಗೆ ನೋಡಿದರೆ ಸಾಲು ಹಾವಿನಂತೆ ಹೋಗಿರುತ್ತದೆ. ಬಲಗೈಯವರಿಗೆ ದೀಪ ಎಡಗಡೆ ಇರಲಿ.

ಟೇಲರಂಗಡಿ_ದಾವಣಗೆರೆ

ಅಂಚಿಗೆ ಸೀರೆಯ ದಡಿಯೇ ಆಗುತ್ತದೆ. ಕೌದಿಯ ಸುತ್ತಳತೆ 276 ಇಂಚು, ಮೂಲೆಗೂ ಜೋಡಣೆಗೂ ಸೇರಿ 288 ಹಿಡಿಯಿರಿ, ಅಂದರೆ ಸುಮಾರು 7.3 ಮೀಟರ್. ಒಂದು ಆರುವಾರಿ ಸೀರೆಯ ಎರಡು ದಡಿ ಸೇರಿ 11 ಮೀಟರ್ ಸಿಗುತ್ತದೆ. ಎರಡೂವರೆ ಇಂಚು ಅಗಲದ ಪಟ್ಟಿ ಸಾಕು. ನೇರ ಅಂಚಿಗೆ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಪಟ್ಟಿ) ಬೇಕಿಲ್ಲ. ಅದು ಎಳೆದು ಉದ್ದವಾಗಿ ಅಂಚು ಅಲೆ ಅಲೆಯಾಗುತ್ತದೆ. ಜರಿ ದಡಿಯಾದರೆ ತಲೆಯ ಕಡೆ ಹಾಕಬೇಡಿ, ಗದ್ದಕ್ಕೆ ಕುತ್ತಿಗೆಗೆ ತರಚುತ್ತದೆ, ಕೈ ಹೊಲಿಗೆಯ ದಾರವನ್ನೂ ಸವೆಸುತ್ತದೆ.

ಪಟ್ಟಿ ಸಾಲದಿದ್ದರೆ ಕೆಳಪದರದಲ್ಲಿ ಬಿಟ್ಟ 2 ಇಂಚನ್ನೇ ಒಂದಿಂಚಿಗೆ ಒಮ್ಮೆ ಮಡಚಿ, ಮತ್ತೆ ಮೇಲಕ್ಕೆ ಮಡಚಿ ಹೊಲಿಯಿರಿ. ಮೂಲೆಯನ್ನು ಮೊದಲು ತ್ರಿಕೋನವಾಗಿ ಮಡಚಿ, ಆಮೇಲೆ ಎರಡು ಬದಿ.

ಧಾರವಾಡ_ಕೌದಿಮನಿ

ದಿನದ ಲೆಕ್ಕ: 84 ಇಂಚಿನ ಒಂದು ಸಾಲಿಗೆ ಸುಮಾರು 336 ಟಾಕು. ಕೈ ಕೂತವರಿಗೆ ಇಪ್ಪತ್ತು ಮಿನಿಟು, ಹೊಸಬರಿಗೆ ಮೂವತ್ತು. 54 ಸಾಲು ಅಂದ್ರ 18ರಿಂದ 27 ತಾಸು. ವಿಜಯದಶಮಿಯಿಂದ ನರಕ ಚತುರ್ದಶಿ ತನಕ ಹತ್ತೊಂಬತ್ತು ತಿಥಿ, ದಿನಕ್ಕ ಒಂದೂವರಿ ತಾಸು ಕುಂತ್ರ ಅಂಚೂ ಸೇರಿ ಮುಗೀತೈತಿ. ಒಂದ ಕುಂಡ್ರಿಕಿಗೆ ನಾಕು ಸಾಲಿಗಿಂತ ಹೆಚ್ಚು ಹಾಕಬ್ಯಾಡ್ರಿ. ಬೆರಳು ಸೋತಾಗ ದಾರ ತಾನ ಬಿಗಿ ಆಗತೈತಿ, ಮರುದಿನದ ಸಾಲಿಗೂ ಅದಕ್ಕೂ ಕೂಡಂಗಿಲ್ಲ.

ಕಚ್ಚಾ ದಾರ ಸಾಲು ಹಾಕಿದಂಗ ಹಾಕಿದಂಗ ಕತ್ತರಿಸಿ ತಗೀರಿ, ಅದರ ಮ್ಯಾಲ ಹೊಲಿಗಿ ಬಂದ್ರ ಆಮ್ಯಾಲ ಚಿಮಟಾನ ಬೇಕು.

ಚಿತ್ತಿಮಳಿ_ಹುಬ್ಬಳ್ಳಿ

ಕಡೆಯದಾಗಿ, ಧೋತರದ ಒಂದೆರಡು ಉದ್ದ ಪಟ್ಟಿ ಉಳಿದಿವೆ. ದೀಪಾವಳಿ ಹಣತೆಗೆ ಬತ್ತಿ ಮಾಡಬಹುದೇ?

ಗುಳೇದಗುಡ್ಡ_ಮಗ್ಗ

ಮಾಡಬಹುದು, ಆದರೆ ದಡಿಯ ಜರಿ, ಬಣ್ಣದ ಎಳೆ ಇರುವ ಭಾಗ ಬಿಟ್ಟು. ಮೊದಲು ಎಳೆ ಸುಟ್ಟು ನೋಡಿ. ಈಚಿನ ಧೋತರಗಳಲ್ಲಿ ಪಾಲಿಯೆಸ್ಟರ್ ಮಿಶ್ರಣದವೂ ಇವೆ. ಅದರ ಬತ್ತಿ ಎಣ್ಣೆ ಏರಿಸದೆ ತುದಿಯಲ್ಲಿ ಕರಗಿ ಗಂಟಾಗುತ್ತದೆ. ನೀಲಿ ಹಾಕಿ ಒಗೆದ ಧೋತರವಾದರೆ ಒಮ್ಮೆ ಬಿಸಿನೀರಲ್ಲಿ ಕುದಿಸಿ ಪೂರ್ತಿ ಒಣಗಿಸಿ, ಹಸಿ ಬತ್ತಿ ಚಟಪಟ ಸಿಡಿಯುತ್ತದೆ. ಒಂದು ಇಂಚು ಅಗಲ, ಐದು ಇಂಚು ಉದ್ದದ ಪಟ್ಟಿ ಹರಿದು, ಅಂಗೈಯಲ್ಲಿ ಒಂದೇ ದಿಕ್ಕಿಗೆ ಹೊಸೆಯಿರಿ. ಬಿಗಿಯಾಗಿ ಹೊಸೆದರೆ ಎಣ್ಣೆ ಏರುವುದಿಲ್ಲ, ಸಡಿಲವಾದರೆ ಹೊಗೆ.

ಯಲ್ಲಾಪುರ_ನೂಲು

ಒಂದು ಪಟ್ಟಿಯನ್ನಾದರೂ ಬತ್ತಿಗೆ ಕೊಡದೆ ಎತ್ತಿಡಿ. ಎರಡು ಮೂರು ವರ್ಷದಲ್ಲಿ ತಲೆಯ ಕಡೆಯ ಅಂಚು ಮೊದಲು ಸವೆಯುತ್ತದೆ. ಅದೇ ಧೋತರದ ತುಂಡು ಒಳಗೆ ಕೊಟ್ಟು ಮೇಲೆ ಹೊಸ ತುಂಡು ಹಾಕಿದರೆ ದಪ್ಪ ಒಂದೇ ಸಮ ಇರುತ್ತದೆ. ಹರಿದ ತುಂಡನ್ನು ಕಿತ್ತು ತೆಗೆಯಬೇಡಿ. ಅದರ ಮೇಲೆಯೇ ಎಲ್ಲ ಕಡೆಯೂ ಅರ್ಧ ಇಂಚು ದೊಡ್ಡದಾದ ತುಂಡಿಟ್ಟು, ಅಂಚು ಮಡಚಿ, ಹಳೆ ಸಾಲುಗಳ ನಡುವೆ ಹೊಸ ಸಾಲು ಹಾಕಿ.